ಎಂಟನೇ ದೀಪದ ಹತ್ತಿರ ಬಂದು...

ಹೋದ ವರ್ಷ ಗಣೇಶನ ಹಬ್ಬಕ್ಕೆ ಹನುಮಂತನಗರದ ನಮ್ಮ ಬೀದಿ ಹುಡುಗರು ಪೆಂಡಾಲಿಗೆ ಓಡೋ ಲೈಟ್ ಬೇಕು ಅಂತ ಗಂಟುಬಿದ್ದರು. ಅಂಗಡಿಯ ಸೀರಿಯಲ್ ಸೆಟ್ ತಂದು ಹಾಕಿದ್ದರೆ ಮುಗೀತಿತ್ತು. ಆದರೆ ನನಗೆ ಚಪಲ. ಎಸ್‌ಪಿ ರೋಡಿಗೆ ಹೋಗಿ ಎಂಟು ಎಲ್‌ಇಡಿ, ಎಂಟು ರೆಸಿಸ್ಟರ್ ತಂದು, ಮನೆಯಲ್ಲಿ ಧೂಳು ತಿನ್ನುತ್ತಿದ್ದ ಆರ್ಡುಯಿನೋ ಊನೋ ಅನ್ನೋ, ಪ್ರೋಗ್ರಾಂ ಬರೆದು ಹಾಕಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಜೋಡಿಸಿ ಕೂತೆ.

ಲೆಕ್ಕ ಸುಲಭ. ಎಂಟು ದೀಪ, ಎಂಟು ಬಿಟ್. ಬಿಟ್ ಅಂದರೆ 1 ಅಥವಾ 0: 1 ಇದ್ದರೆ ದೀಪ ಹತ್ತುತ್ತೆ, 0 ಇದ್ದರೆ ಆರುತ್ತೆ. ಒಂದು ಬಿಟ್ 1, ಉಳಿದವು 0. ಎಡಕ್ಕೆ ಒಂದೊಂದೇ ಮನೆ ಸರಿಸುತ್ತಾ ಹೋದರೆ ಬೆಳಕು ಓಡುತ್ತೆ. ಸುಮ್ನೆ ಸರಿಸಿದರೆ ತುದಿಗೆ ಬಂದ ಬಿಟ್ ಆಚೆ ಬಿದ್ದು ಕತ್ತಲಾಗುತ್ತೆ, ಅದಕ್ಕೇ ತಿರುಗಿಸಬೇಕು, ಬಸ್ಸಿನ ಮುಂದಿನ ಬಾಗಿಲಲ್ಲಿ ಇಳಿದವನನ್ನು ಹಿಂದಿನ ಬಾಗಿಲಲ್ಲಿ ಮತ್ತೆ ಹತ್ತಿಸಿದ ಹಾಗೆ. ಸಿ ಭಾಷೆಯಲ್ಲಿ ಇದಕ್ಕೆ ಅಂತ ಬೇರೆ ಚಿಹ್ನೆ ಇಲ್ಲ. ಎಡಕ್ಕೆ 1 ಸರಿಸಿದ್ದು, ಬಲಕ್ಕೆ 7 ಸರಿಸಿದ್ದು, ಎರಡನ್ನೂ 'ಆರ್' ಮಾಡಿ (ಯಾವುದರಲ್ಲಿ 1 ಇದ್ದರೂ 1) ಸೇರಿಸೋದು.

ಬರೆದೆ, ಬೋರ್ಡಿಗೆ ಹಾಕಿದೆ. ಎಂಟನೇ ದೀಪದವರೆಗೂ ಬೆಳಕು ಚೆನ್ನಾಗಿ ಓಡಿತು. ಮುಂದಿನ ಹೆಜ್ಜೆಗೆ ಎಂಟೂ ಒಟ್ಟಿಗೆ ಹತ್ತಿಕೊಂಡವು! ಆಮೇಲೆ ಆರಲೇ ಇಲ್ಲ. ವೈರಿಂಗ್ ತಪ್ಪಿರಬೇಕು ಅಂತ ಎಲ್ಲಾ ಕಿತ್ತು ಎರಡು ಸಲ ಜೋಡಿಸಿದೆ, ರಾತ್ರಿ ಹನ್ನೊಂದಾಯ್ತು, ಅಮ್ಮ "ಗಣಪತಿ ಬರೋದ್ರೊಳಗೆ ಆಗುತ್ತೇನೋ?" ಅಂತ ಕೇಳಿ ಮಲಗಲು ಹೋದರು.

ವೈರ್ ಪಾಪ ಸರಿಯಾಗೇ ಇತ್ತು. ಆ ಎಂಟು ಬಿಟ್ ಇಡೋಕೆ ನಾನು ಕೊಟ್ಟಿದ್ದ ಟೈಪ್, ಅಂದರೆ ಸಂಖ್ಯೆಯ ಜಾತಿ, ಚಾರ್. ನನ್ನ ಊನೋದಲ್ಲಿ ಅದು ಸೈನ್ಡ್, ಅಂದರೆ ಮೈನಸ್ಸನ್ನೂ ಇಟ್ಟುಕೊಳ್ಳೋದು, -128ರಿಂದ 127ರವರೆಗೆ. 10000000 ಅನ್ನೋದು ನನ್ನ ಕಣ್ಣಿಗೆ 128, ಅದರ ಕಣ್ಣಿಗೆ -128. ಮೈನಸ್ ಸಂಖ್ಯೆಯನ್ನು ಬಲಕ್ಕೆ ಸರಿಸಿದರೆ ಖಾಲಿಯಾದ ಜಾಗಕ್ಕೆ ಈ ಕಂಪೈಲರ್ (ನಾವು ಬರೆದದ್ದನ್ನು ಬೋರ್ಡಿನ ಭಾಷೆಗೆ ಬದಲಿಸೋ ಪ್ರೋಗ್ರಾಂ) 0 ಅಲ್ಲ, 1 ತುಂಬುತ್ತೆ. ಏಳು ಮನೆ ಸರಿಸಿದರೆ 11111111. ಎಲ್ಲಾ ದೀಪ ಹತ್ತದೆ ಇನ್ನೇನಾಗುತ್ತೆ? ಆಫೀಸಲ್ಲಿ ನಾನು ದಿನಾ ಬರೆಯೋದು ಜಾವಾ. ಅಲ್ಲಿ 0 ತುಂಬೋಕೆ ಅಂತಲೇ >>> ಅನ್ನೋ ಚಿಹ್ನೆ ಇದೆ, ತಿರುಗಿಸೋಕೆ ರೆಡಿ ಮೆಥಡ್ಡೂ ಇದೆ, ಹಾಗಾಗಿ ಈ ವಿಷಯ ತಲೆಗೇ ಬಂದಿರಲಿಲ್ಲ. ಸಿ++ ಭಾಷೆಯ 2020ರ ಆವೃತ್ತಿಯಲ್ಲಿ (ಸಿ++20) ಬಂದ, ಬಿಟ್ ತಿರುಗಿಸೋ ರೊಟ್‌ಎಲ್ ಫಂಕ್ಷನ್ನಿಗೆ ಸೈನ್ಡ್ ಸಂಖ್ಯೆ ಕೊಟ್ಟರೆ ಕಂಪೈಲೇ ಆಗಲ್ಲ. ಆ ಹಟ ನನಗಿಷ್ಟ.

ಚಾರ್ ಪದಕ್ಕೆ ಮುಂಚೆ ಅನ್‌ಸೈನ್ಡ್ (ಮೈನಸ್ ಇಲ್ಲದ್ದು) ಅಂತ ಒಂದೇ ಪದ ಸೇರಿಸಿದೆ. ಓಡಿತು. ಬೆಳಿಗ್ಗೆ ಹುಡುಗರಿಗೆ ತೋರಿಸಿದರೆ ಒಬ್ಬ, "ಅಣ್ಣ, ಉಲ್ಟಾನೂ ಓಡ್ಸಿ" ಅಂದ. 1 ಇದ್ದ ಕಡೆ 7, 7 ಇದ್ದ ಕಡೆ 1 ಹಾಕಿದೆ.