ಬರೀ ಸ್ಲೋ ಕಣಪ್ಪ

“ಬರೀ ಸ್ಲೋ ಕಣಪ್ಪ, ಬೇರೇನೂ ತೊಂದರೆ ಇಲ್ಲ. ಒಂದು ಎಸ್‌ಎಸ್‌ಡಿ ಹಾಕ್ಬಿಟ್ರೆ ಸಾಕು.”

ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಮೇಷ್ಟ್ರು ಹೇಳಿದ್ದು ಇಷ್ಟೇ. ಎಸ್‌ಎಸ್‌ಡಿ ಎಂದರೆ ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್. ಅವರು ಹೇಳಿದ ಆ ‘ಬರೀ’ ಇಡೀ ವಾರ ತಲೆ ಕೊರೆಯಿತು. ಹತ್ತು ವರ್ಷದ ಯಂತ್ರ, 500 ಜಿಬಿಯ 5400 ಆರ್‌ಪಿಎಂ ಹಾರ್ಡ್ ಡಿಸ್ಕ್, 8 ಜಿಬಿ ರ‍್ಯಾಮ್. ರ‍್ಯಾಮಿನಲ್ಲಿ ಅರ್ಧ ಈಚೆಗೆ ಯಾರೋ ಹಾಕಿಕೊಟ್ಟದ್ದು. ಅದೇ ಪುಣ್ಯಾತ್ಮ, ಚದುರಿದ ಫೈಲ್ ಚೂರುಗಳನ್ನು ಒಟ್ಟಿಗೆ ಜೋಡಿಸುವ ಡಿಫ್ರ್ಯಾಗ್ ಕೂಡ ಎರಡು ಸಲ ಓಡಿಸಿದ್ದಾನೆ. ಡಿಸ್ಕಿನ ಆರೋಗ್ಯ ನೋಡುವ ಐದು ನಿಮಿಷದ ಕೆಲಸ ಮಾತ್ರ ಬಿಟ್ಟಿದ್ದ.

ಹಾರ್ಡ್ ಡಿಸ್ಕ್ ನಿಧಾನವಾಗಿರುವುದು ಸಹಜ. ನಿಮಿಷಕ್ಕೆ 5400 ಸುತ್ತು ಎಂದರೆ ಒಂದು ಸುತ್ತಿಗೆ 11.1 ಮಿಲಿಸೆಕೆಂಡು. ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಜೊತೆಗೆ ಆ ತಲೆ ಹೊತ್ತ ತೋಳು ಸರಿಯಲು ಹತ್ತು ಹನ್ನೆರಡು ಮಿಲಿಸೆಕೆಂಡು. ಅಲ್ಲಿಗೆ ಚದುರಿದ ಚೂರುಗಳನ್ನು ಸೆಕೆಂಡಿಗೆ ಐವತ್ತು ಅರವತ್ತು ಓದಿದರೆ ಹೆಚ್ಚು. ಎಸ್‌ಎಸ್‌ಡಿಗೆ ಅದೇ ಚೂರು ಹುಡುಕಲು 0.1 ಮಿಲಿಸೆಕೆಂಡು ಸಾಕು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯುವ ಸೆಕೆಂಡಿಗೆ 550 ಎಂಬಿಗಿಂತ ಈ ಕಾಯುವಿಕೆ ತಪ್ಪುವುದೇ ದೊಡ್ಡ ಲಾಭ. ಹಾಗಾಗಿಯೇ ಸೆಕೆಂಡಿಗೆ 3 ಗಿಗಾಬಿಟ್‌ನ ಹಳೆಯ ಸಾಟಾ 2 ಡಿಸ್ಕ್ ಜೋಡಣೆ ಇರುವ ಯಂತ್ರದಲ್ಲೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಆದರೆ ಟಾಸ್ಕ್ ಮ್ಯಾನೇಜರ್ ತೆರೆದಾಗ ಕಂಡದ್ದು ಈ ಸಹಜ ನಿಧಾನವಲ್ಲ. ಡಿಸ್ಕ್ 100%, ಓದುವ ವೇಗ 0 ಕೆಬಿ, ಸರಾಸರಿ ಪ್ರತಿಕ್ರಿಯೆ ಸಮಯ 4,812 ಮಿಲಿಸೆಕೆಂಡು. ಬರೀ ಮುದಿ ಡಿಸ್ಕಾಗಿದ್ದರೆ 100% ಇದ್ದಾಗಲೂ ಒಂದೆರಡು ಎಂಬಿಯಾದರೂ ಹರಿಯುತ್ತಿರುತ್ತದೆ, ಪ್ರತಿಕ್ರಿಯೆ ಸಮಯ ಹತ್ತರಿಂದ ಕೆಲವು ನೂರರೊಳಗೆ ಆಡುತ್ತದೆ. ಸಾವಿರಗಳಿಗೆ ಜಿಗಿದು, ಹರಿವು ಸೊನ್ನೆಗೆ ನಿಂತಿದ್ದರೆ ಡಿಸ್ಕ್ ಒಂದೇ ಸೆಕ್ಟರನ್ನು, ಅಂದರೆ ತನ್ನ ಒಂದೇ ಪುಟ್ಟ ತುಂಡನ್ನು, ಮತ್ತೆ ಮತ್ತೆ ಓದಲು ಒದ್ದಾಡುತ್ತಿರುವ ಸಾಧ್ಯತೆ ಹೆಚ್ಚು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಮೇಷ್ಟ್ರನ್ನು ಬೈಯುವ ಹಾಗಿಲ್ಲ.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿಯಲ್ಲಿ ಮೂರು ಸಾಲು ನೋಡಿದರೆ ಸಾಕು. 5ನೇ ಸಂಖ್ಯೆಯದು, ಆಗಲೇ ಕೆಟ್ಟು ಬದಲಿ ಜಾಗ ಪಡೆದ ಸೆಕ್ಟರ್‌ಗಳು. 197, ಓದಲಾಗದೆ ಬಾಕಿ ಉಳಿದವು. 199 ಏರುತ್ತಿದ್ದರೆ ಡಿಸ್ಕಿಗಿಂತ ಮೊದಲು ಕೇಬಲನ್ನು ಅನುಮಾನಿಸಬೇಕು. ಇಲ್ಲಿ 197ರ ಎದುರು 56 ಇತ್ತು. ಅದೂ ಡಿಸ್ಕ್ ಓದಲು ಹೋಗಿ ಎಡವಿದ ಜಾಗಗಳ ಲೆಕ್ಕ ಮಾತ್ರ. ಯಾರೂ ಮುಟ್ಟದ ಮೂಲೆಗಳಲ್ಲಿ ಏನಿದೆಯೋ ಅದಕ್ಕೂ ಗೊತ್ತಿರುವುದಿಲ್ಲ.

ಇಂಥ ಡಿಸ್ಕನ್ನು ವಿಂಡೋಸ್ ಒಳಗಿನಿಂದ ಕ್ಲೋನ್, ಅಂದರೆ ಯಥಾವತ್ ನಕಲು, ಮಾಡಲು ಹೊರಟರೆ ಎಲ್ಲೋ ಮಧ್ಯದಲ್ಲಿ ನಿಂತುಬಿಡುತ್ತದೆ. ಡಿಸ್ಕಿನ ತಪ್ಪು ಹುಡುಕುವ ವಿಂಡೋಸ್ ಸಲಕರಣೆ ಚೆಕ್‌ಡಿಸ್ಕನ್ನು /r ಆಯ್ಕೆಯೊಡನೆ ಓಡಿಸುವುದು ಇನ್ನೂ ಕೆಟ್ಟದ್ದು. ಸಾಯುತ್ತಿರುವ ಡಿಸ್ಕಿನ ಮೇಲ್ಮೈಯನ್ನೆಲ್ಲ ಉಜ್ಜಿ ಓದಿಸಿ, ಫೈಲ್ ವ್ಯವಸ್ಥೆಯನ್ನು ಅಲ್ಲೇ ತಿದ್ದಲು ಹೋಗುತ್ತದೆ. ಡಿಫ್ರ್ಯಾಗ್ ಅಂತೂ ಕಾಲು ಮುರಿದವನನ್ನು ಎಬ್ಬಿಸಿ ಮನೆ ಸಾಮಾನು ಹೊರಿಸಿದ ಹಾಗೆ.

ಆದ್ದರಿಂದ ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ, ಕೆಟ್ಟ ಡಿಸ್ಕಿನಿಂದ ಓದಲಾಗುವಷ್ಟನ್ನೂ ನಕಲಿಸುವ ಡಿಡಿರೆಸ್ಕ್ಯೂ. ಸೆಕ್ಟರಿಗೆ ಸೆಕ್ಟರ್ ನಕಲಾಗುವುದರಿಂದ ಹೊಸದು ಹಳೆಯದಕ್ಕಿಂತ ಒಂದು ಸೆಕ್ಟರ್ ಕೂಡ ಚಿಕ್ಕದಿರಬಾರದು. ಮೇಷ್ಟ್ರು ತಂದಿದ್ದ 480 ಜಿಬಿಯದು ಇಲ್ಲಿಗೆ ಸಾಲಲಿಲ್ಲ, 512 ಜಿಬಿಯದು ಬೇಕಾಯಿತು. ಡಿಸ್ಕ್ ಚೆನ್ನಾಗಿದ್ದಿದ್ದರೆ ಪಾರ್ಟಿಷನ್ (ಡಿಸ್ಕಿನ ವಿಭಾಗ) ಕುಗ್ಗಿಸಿ 480ಕ್ಕೇ ಕ್ಲೋನ್ ಮಾಡಬಹುದಿತ್ತು. ಹಳೆಯದು ಒಳಗೇ, ಹೊಸದು ಯುಎಸ್‌ಬಿ ಅಡಾಪ್ಟರಿನಲ್ಲಿ. ಯಾವುದು ಮೂಲ, ಯಾವುದು ಗುರಿ ಎಂದು ಗಾತ್ರ ನೋಡಿ ಎರಡು ಸಲ ಖಚಿತ ಮಾಡಿಕೊಳ್ಳಬೇಕು. ತಿರುಗುಮುರುಗಾದರೆ ಖಾಲಿ ಎಸ್‌ಎಸ್‌ಡಿ ಹೋಗಿ ಡಿಸ್ಕಿನ ಮೇಲೆ ಕೂರುತ್ತದೆ, ಕಥೆ ಮುಗಿಯಿತು. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗ ಸಿಕ್ಕರೆ ಕೆರೆಯದೆ ಹಾರಿ ಮುಂದೆ ಹೋಗು ಎಂಬ ಆಯ್ಕೆ, ಉಳಿದದ್ದಕ್ಕೆ ಆಮೇಲೆ ಮೂರು ಪ್ರಯತ್ನ. ಎಲ್ಲಿ ನಕಲಾಯಿತು, ಎಲ್ಲಿ ಆಗಲಿಲ್ಲ ಎಂದು ಬರೆದಿಡುವ ಮ್ಯಾಪ್ ಫೈಲನ್ನು ಬೇರೊಂದು ಪೆನ್‌ಡ್ರೈವಿನಲ್ಲಿ ಉಳಿಸಿಕೊಂಡರೆ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ.

ರಾತ್ರಿಯಿಡೀ ಓಡಿ ಕೊನೆಗೆ ಓದಲಾಗದೆ ಉಳಿದದ್ದು 96 ಕೆಬಿ. ನಾಲ್ಕು ಕೆಬಿಯ 24 ಚೂರು. 197ರ ಎದುರಿನ ಅಂಕಿ 56ರಿಂದ 192ಕ್ಕೆ ಏರಿತ್ತು.

ಡಿಸ್ಕ್ ಬದಲಿಸುವುದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಬ್ಯಾಟರಿ ಕಳಚಿ, ಪವರ್ ಬಟನ್ ಹದಿನೈದು ಸೆಕೆಂಡು ಒತ್ತಿ ಉಳಿದ ಚಾರ್ಜ್ ಇಳಿಸುವುದು. ಕೆಳಮುಚ್ಚಳ ಬರದಿದ್ದರೆ ಮೀಟುವ ಮೊದಲು ರಬ್ಬರ್ ಪಾದಗಳ ಅಡಿಯಲ್ಲಿ ಅಡಗಿದ ಸ್ಕ್ರೂ ಹುಡುಕುವುದು. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಉದ್ದದ್ದನ್ನು ಗಿಡ್ಡ ತೂತಿಗೆ ತಿರುಗಿಸಿದರೆ ಮೇಲೆ ಅಂಗೈ ಇಡುವ ಜಾಗದಲ್ಲಿ ಮೊಡವೆ ಏಳುತ್ತದೆ, ಆದ್ದರಿಂದ ಬಂದ ಜಾಗದ ಪ್ರಕಾರವೇ ಕಾಗದದ ಮೇಲೆ ಜೋಡಿಸಿಡಬೇಕು. ಡಿಸ್ಕಿನ ಚಪ್ಪಟೆ ಕೇಬಲ್ಲನ್ನು ಎಳೆಯಬಾರದು, ಕನೆಕ್ಟರ್ ಹಿಡಿದೇ ಬಿಡಿಸಬೇಕು. ಹಳೆಯದು 9.5 ಮಿಲಿಮೀಟರ್ ದಪ್ಪ, ಹೊಸದು 7. ನಡುವೆ 2.5 ಮಿಲಿಮೀಟರಿನ ಚೌಕಟ್ಟು ಇಡದಿದ್ದರೆ ಕನೆಕ್ಟರ್ ಮೇಲೆಯೇ ಭಾರ ಬಿದ್ದು ಆಗಾಗ ಡ್ರೈವ್ ಮಾಯವಾಗುವ ರೋಗ ಶುರುವಾಗುತ್ತದೆ.

ಹಳೆಯದನ್ನು ಹೊರಗಿಟ್ಟೇ ಮೊದಲ ಬೂಟ್. ಎರಡೂ ಇದ್ದರೆ ಒಂದೇ ಗುರುತಿನ ಎರಡು ಡಿಸ್ಕ್ ಕಂಡು ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ. ಯಂತ್ರ ಶುರುವಾಗುವ ಬಗೆಯನ್ನು ನಿರ್ಧರಿಸುವ ಬಯಾಸ್‌ನಲ್ಲಿ ಬೂಟ್ ವಿಧಾನ ಲೆಗಸಿಯೋ ಯುಇಎಫ್‌ಐಯೋ, ಮೊದಲಿದ್ದ ಹಾಗೇ ಇರಲಿ. ಈ ಹಂತದಲ್ಲಿ ಅದನ್ನು ಮುಟ್ಟಿಯೇ ಅನೇಕರು ಕಪ್ಪು ತೆರೆ ನೋಡುವುದು.

ಬೂಟ್ ಆಯಿತು. ಈಗ, ನಕಲಿನ ಮೇಲೆ, ಚೆಕ್‌ಡಿಸ್ಕ್. ಎಲ್ಲ ಸರಿಯಿದೆ ಎಂದಿತು. ಅದನ್ನು ಪೂರ್ತಿ ನಂಬಬಾರದು. ಹೊಸ ಡ್ರೈವಿನ ಪ್ರತಿ ಸೆಕ್ಟರೂ ಓದಲು ಬರುತ್ತದೆ, ತೂತಿದ್ದ ಕಡೆ ಸೊನ್ನೆಗಳು ಸದ್ದಿಲ್ಲದೆ ಕೂತಿರುತ್ತವೆ. ಯಾವ ಫೈಲಿಗೆ ಪೆಟ್ಟಾಗಿದೆ ಎಂದು ತಿಳಿಯಲು ಮ್ಯಾಪ್ ಫೈಲಿನ ಬೈಟ್ ಸ್ಥಾನವನ್ನು 512ರಿಂದ ಭಾಗಿಸಿ ಬಂದ ಸೆಕ್ಟರ್ ಸಂಖ್ಯೆಯಿಂದ ಪಾರ್ಟಿಷನ್ ಶುರುವಾಗುವ ಸಂಖ್ಯೆ ಕಳೆದು, ಎನ್‌ಟಿಎಫ್‌ಎಸ್‌ಕ್ಲಸ್ಟರ್ ಎಂಬ ಲಿನಕ್ಸ್ ಸಲಕರಣೆಗೆ ಕೇಳಬೇಕು. 24ರಲ್ಲಿ 23 ಚೂರು ಪೇಜ್ ಫೈಲಿನೊಳಗೆ! ಯಾರಿಗೂ ಬೇಡದ, ವಿಂಡೋಸ್ ತಾನೇ ಅಳಿಸಿ ಬರೆದುಕೊಳ್ಳುವ ಜಾಗ. ಯಂತ್ರ ಅಷ್ಟೊಂದು ಒದ್ದಾಡುತ್ತಿದ್ದದ್ದೂ ಅದಕ್ಕೇ ಇರಬೇಕು, ಮೆಮೊರಿ ತುಂಬಿದಾಗಲೆಲ್ಲ ಎಡತಾಕುತ್ತಿದ್ದದ್ದು ಅಲ್ಲಿಗೇ. ಉಳಿದ ಒಂದು ಚೂರು ಒಂದು ವಿಡಿಯೊದಲ್ಲಿತ್ತು, ಒಂದು ಕ್ಷಣ ಚಿತ್ರ ಒಡೆದು ಮತ್ತೆ ಕೂಡುತ್ತದೆ.

ಮೇಷ್ಟ್ರಿಗೆ ಇದನ್ನೆಲ್ಲ ಹೇಳಿದ್ದಾಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಎಸ್‌ಎಸ್‌ಡಿ ಹಾಕಿದ ಮಾತ್ರಕ್ಕೆ ಈ ಪ್ರೊಸೆಸರ್ ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಗೆ ಸೇರುವುದಿಲ್ಲ ಎಂಬುದನ್ನೂ. ತಾಳ್ಮೆಯಿಂದ ಕೇಳಿದರು. ಒಂದೆರಡು ಫೈಲು ತೆರೆದು, ಮುಚ್ಚಿ ನೋಡಿ ಖುಷಿಪಟ್ಟರು. ಹೊರಡುವಾಗ ಮೇಜಿನ ಮೇಲಿದ್ದ ಹಳೆಯ ಡಿಸ್ಕನ್ನು ಕೈಗೆತ್ತಿಕೊಂಡರು.

“ಇದಕ್ಕೊಂದು ಯುಎಸ್‌ಬಿ ಕೇಸ್ ಹಾಕಿ ಬ್ಯಾಕಪ್ಪಿಗೆ ಇಟ್ಕೊಳ್ತೀನಿ. ಬರೀ ಸ್ಲೋ ತಾನೆ?”