ದಾಸವಾಳ ನನಗೆ ಗೊತ್ತು ಅಂದುಕೊಂಡಿದ್ದೆ

ನ್ಯೂಜೆರ್ಸಿಯ ಒಂದು ನರ್ಸರಿಯಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಯ್ತು. ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ. ಯಾವ ಗಿಡ ಚೆನ್ನಾಗಿ ಗೊತ್ತು? ನಾನು ಯೋಚನೆಯನ್ನೇ ಮಾಡದೆ "ಹೈಬಿಸ್ಕಸ್" ಅಂದೆ. ಗೊತ್ತಿಲ್ಲದೆ ಏನು? ಮಲೆನಾಡಿನ ಸಾಗರದ ಹತ್ತಿರ ನಮ್ಮ ಮನೆಯ ಬೇಲಿಯೇ ದಾಸವಾಳ. ಮಳೆಗಾಲದಲ್ಲಿ ಕಡ್ಡಿ ಮುರಿದು ಚುಚ್ಚಿದರೆ ಸಾಕು, ಚಿಗುರುತ್ತಿತ್ತು. ಬೆಳಿಗ್ಗೆ ದೇವರಿಗೆ ಹೂವು, ಭಾನುವಾರ ತಲೆಗೆ ಎಲೆ ಕಿವುಚಿ ತೆಗೆದ ಲೋಳೆ. ಅದನ್ನು ಯಾರೂ ಬೆಳೆಸಿದ್ದು ನಾನು ನೋಡಿಲ್ಲ. ಅದು ಇರುತ್ತಿತ್ತು, ಅಷ್ಟೇ.

ಕೆಲಸಕ್ಕೆ ಸೇರಿದ ಮೊದಲ ಮೇ ತಿಂಗಳು. ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಒಬ್ಬ ಆಂಟಿ ನನ್ನ ಕುತ್ತಿಗೆಯ ತಾಳಿಸರ ನೋಡಿ ನೇರವಾಗಿ ಕನ್ನಡದಲ್ಲೇ ಕೇಳಿದರು. "ಏನಮ್ಮ, ಪೂಜೆಗೆ ಕೆಂಪು ದಾಸವಾಳ ಇದೆಯಾ? ಐದೆಸಳಿಂದು?" ಅಂಗಡಿ ಮುಂದೆಯೇ ಸಾಲಾಗಿ ಇಟ್ಟಿದ್ದೆವು. ಫ್ಲಾರಿಡಾದಿಂದ ಲಾರಿಯಲ್ಲಿ ಬಂದ ಗಿಡಗಳು, ಮಿರಿಮಿರಿ ಮಿಂಚುವ ಎಲೆ, ಗಿಡದ ತುಂಬ ಹೂವು. ನನಗೂ ಊರು ನೆನಪಾಯ್ತು. "ನಮ್ಮೂರ ದಾಸವಾಳವೇ ಆಂಟಿ, ಬೇಲಿ ಪಕ್ಕ ನೆಲಕ್ಕೆ ಹಾಕಿಬಿಡಿ" ಅಂದೆ. ಎರಡು ಗಿಡ ತೆಗೆದುಕೊಂಡು ಹೋದರು.

ನಮ್ಮೂರ ದಾಸವಾಳ ಅನ್ನುವುದು ಸರಿಯೇ. ನೆಲಕ್ಕೆ ಹಾಕಿ ಅಂದದ್ದು ತಪ್ಪು. ಹೈಬಿಸ್ಕಸ್ ರೋಸಾ ಸೈನೆನ್ಸಿಸ್, ಅಂದರೆ ನಮ್ಮ ಮನೆ ದಾಸವಾಳಕ್ಕೆ, ರಾತ್ರಿ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ 10 ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಕಷ್ಟ. ಅಮೆರಿಕದ ಕೃಷಿ ಇಲಾಖೆ ಚಳಿ ನೋಡಿ ದೇಶವನ್ನು ವಲಯಗಳಾಗಿ ವಿಂಗಡಿಸಿದೆ, ಸಂಖ್ಯೆ ಹೆಚ್ಚಾದಷ್ಟೂ ಚಳಿ ಕಡಿಮೆ. ಆ ನಕ್ಷೆಯಲ್ಲಿ ನಾನಿರುವ ಊರು 7ನೇ ವಲಯ. ಇಲ್ಲಿ ಚಳಿಗಾಲದ ಅತಿ ತಣ್ಣನೆಯ ರಾತ್ರಿ ಸೊನ್ನೆಗಿಂತ 12ರಿಂದ 17 ಸೆಲ್ಸಿಯಸ್ ಕೆಳಗೆ ಹೋಗುವುದು ಮಾಮೂಲು. ಆ ಗಿಡ ನೆಲದಲ್ಲಿ ವರ್ಷವಿಡೀ ನೆಮ್ಮದಿಯಾಗಿ ಇರುವುದು 10ನೇ ವಲಯದಲ್ಲಿ. ಫ್ಲಾರಿಡಾದ ದಕ್ಷಿಣ ತುದಿ, ಹವಾಯಿ, ಅಂಥ ಕಡೆ.

ಮುಂದಿನ ಜೂನ್‌ನಲ್ಲಿ ಆಂಟಿ ಮತ್ತೆ ಬಂದರು. ಬೈಯಲಿಲ್ಲ. "ನೀನು ಕೊಟ್ಟ ಗಿಡ ನವೆಂಬರ್‌ನಲ್ಲಿ ಸುಟ್ಟ ಹಾಗೆ ಕಪ್ಪಾಯ್ತಂತೆ ಕಣಮ್ಮ, ಮಗ ಫೋಟೋ ಕಳಿಸಿದ್ದ" ಅಂದರು ಅಷ್ಟೇ. ಬದಲಿ ಗಿಡ ಕೊಡೋಣ ಅಂದರೆ ಅದೂ ಆಗುವುದಿಲ್ಲ. ನಮ್ಮಲ್ಲಿ ವರ್ಷದ ಗ್ಯಾರಂಟಿ ಇರುವುದು ಇಲ್ಲಿಯ ಚಳಿ ತಡೆಯುವ ಗಿಡಗಳಿಗೆ ಮಾತ್ರ. ಟ್ರಾಪಿಕಲ್‌ಗೆ, ಅಂದರೆ ದಾಸವಾಳದಂಥ ಬೆಚ್ಚನೆ ನಾಡಿನ ಗಿಡಗಳಿಗೆ ಇಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಎರಡನೇ ತಪ್ಪು ಆಗಿದ್ದು ಅದೇ ವರ್ಷ, ಆಂಟಿ ಬರುವುದಕ್ಕೆ ಒಂದು ತಿಂಗಳು ಮೊದಲು. ಅಷ್ಟರಲ್ಲಿ ಹಾರ್ಡಿ ಹೈಬಿಸ್ಕಸ್ ಅಂತ, ಚಳಿ ತಡೆಯುವ ಇನ್ನೊಂದು ಜಾತಿ ಇದೆ ಅಂತ ಗೊತ್ತಾಗಿತ್ತು. ಟ್ಯಾಗ್ ಓದಿ ಮಾರುತ್ತಿದ್ದೆ. ಆದರೆ ಅದು ಬದುಕುವ ರೀತಿ ಗೊತ್ತಿರಲಿಲ್ಲ. ಮೇ 10ರ ಸುಮಾರಿಗೆ ಒಬ್ಬ ವಯಸ್ಸಾದ ಗಿರಾಕಿ ಫೋನ್ ಮಾಡಿದರು. ಹಿಂದಿನ ಬೇಸಿಗೆಯಲ್ಲಿ ತೆಗೆದುಕೊಂಡ 'ಲಾರ್ಡ್ ಬಾಲ್ಟಿಮೋರ್', ದೊಡ್ಡ ಕೆಂಪು ಹೂವಿನದು, ಚಿಗುರಿಲ್ಲ, ಬರೀ ಒಣ ಕಡ್ಡಿ ಅಂದರು. ಕಡ್ಡಿ ಮುರಿದು ನೋಡಿ, ಒಳಗೆ ಹಸಿರು ಇದೆಯಾ ಅಂತ ಕೇಳಿದೆ. ಇಲ್ಲ ಅಂದರು. "ಹಾಗಾದರೆ ಸತ್ತಿದೆ, ಕಿತ್ತು ತನ್ನಿ, ಬೇರೆ ಕೊಡುತ್ತೇವೆ" ಅಂದೆ. ಊರಿನಲ್ಲಿ ಗಿಡ ಬದುಕಿದೆಯಾ ಅಂತ ನಾವು ನೋಡುವುದೇ ಹಾಗಲ್ವಾ, ಉಗುರಿನಲ್ಲಿ ಕೆರೆದು?

ಪಾಪ, ಅವರು ಅರ್ಧ ದಿನ ಅಗೆದು ಗೋಣಿಚೀಲದಲ್ಲಿ ಹಾಕಿಕೊಂಡು ತಂದರು. ಮ್ಯಾನೇಜರ್ ಬಂದು ಸುಮ್ಮನೆ ಪೈಪ್ ಹಿಡಿದು ಮಣ್ಣು ತೊಳೆದರು. ಬೇರಿನ ಗಡ್ಡೆಯ ನೆತ್ತಿಯ ಮೇಲೆ ಆರೇಳು ಮೊಳಕೆ. ಬೆಳ್ಳಗೆ, ತುದಿಯಲ್ಲಿ ಸ್ವಲ್ಪ ಗುಲಾಬಿ, ಕಡಲೆಬೀಜದಷ್ಟು ದಪ್ಪ. ಅದರಲ್ಲಿ ಎರಡು ಗುದ್ದಲಿಗೆ ಸಿಕ್ಕಿ ಕತ್ತರಿಸಿ ಹೋಗಿದ್ದವು. ಮ್ಯಾನೇಜರ್ ನನ್ನ ಮುಖ ನೋಡಲಿಲ್ಲ. ಗಿರಾಕಿಗೆ ಹೊಸ ಗಿಡ ಕೊಟ್ಟು ಕಳಿಸಿದರು. ಆಮೇಲೆ ಆ ಗಡ್ಡೆಯನ್ನು ಒಂದು ಕುಂಡಕ್ಕೆ ಹಾಕಿ, "ಇದು ನಿನ್ನದು, ನೀನೇ ನೋಡಿಕೋ" ಅಂದರು.

ಆ ಕುಂಡದಿಂದ ಕಲಿತಷ್ಟು ನಾನು ಯಾವ ಟ್ರೈನಿಂಗ್‌ನಿಂದಲೂ ಕಲಿತಿಲ್ಲ. ಹಾರ್ಡಿ ಹೈಬಿಸ್ಕಸ್‌ನ ಮೂಲ ಹೈಬಿಸ್ಕಸ್ ಮಾಸ್ಕ್ಯೂಟೋಸ್, ಇಲ್ಲಿಯದೇ ಗಿಡ. ಆಗಸ್ಟ್‌ನಲ್ಲಿ ನ್ಯೂಜೆರ್ಸಿಯ ಸಮುದ್ರತೀರದ ಕಡೆ ಕಾರಿನಲ್ಲಿ ಹೋದರೆ ಜೌಗು ನೆಲದಲ್ಲಿ ಬಿಳಿ, ಗುಲಾಬಿ ಹೂವು ತಾನಾಗಿ ಅರಳಿರುತ್ತದೆ. ಚಳಿಗೆ ಮೇಲಿನ ಕಡ್ಡಿ ಪೂರ್ತಿ ಸಾಯುತ್ತದೆ. ಬೇರು ಮಾತ್ರ ಉಳಿಯುತ್ತದೆ. ಮಣ್ಣು ಚೆನ್ನಾಗಿ ಬೆಚ್ಚಗಾಗುವವರೆಗೂ ಅದು ಏಳುವುದಿಲ್ಲ. ತೋಟದಲ್ಲಿ ಎಲ್ಲ ಚಿಗುರಿ ಹೂ ಬಿಟ್ಟರೂ ಇದು ಮೇ ಕೊನೆಯವರೆಗೆ, ಕೆಲವೊಮ್ಮೆ ಜೂನ್‌ವರೆಗೂ ಮಲಗಿರುತ್ತದೆ. ಎದ್ದ ಮೇಲೆ ಮಾತ್ರ ಓಟ. ನನ್ನ ಕುಂಡದ ಗಿಡ ಜೂನ್ ಕೊನೆಗೆ ಮೊಣಕಾಲೆತ್ತರ, ಆಗಸ್ಟ್‌ನಲ್ಲಿ ಊಟದ ತಟ್ಟೆಯಷ್ಟು ಹೂವು. ಹೂವು ಆ ವರ್ಷದ ಹೊಸ ಕಡ್ಡಿಯಲ್ಲೇ ಬರುವುದರಿಂದ ಹಳೆಯದು ಸತ್ತರೆ ನಷ್ಟ ಇಲ್ಲ. ಒಣ ಕಡ್ಡಿಯನ್ನು ಅರ್ಧ ಅಡಿ ಬಿಟ್ಟು ಕತ್ತರಿಸಿ ಅಂತ ಈಗ ಹೇಳುತ್ತೇನೆ, ಗಿಡ ಎಲ್ಲಿದೆ ಅಂತ ಗುರುತಿಗೆ. ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ಅದೇ ಜಾಗಕ್ಕೆ ಇನ್ನೇನೋ ನೆಡುತ್ತಾರೆ.

ಇದಕ್ಕೆ ಬಿಸಿಲು ದಿನಕ್ಕೆ ಆರು ಗಂಟೆಯಾದರೂ ಬೇಕು. ನೀರು ಜಾಸ್ತಿ ಬೇಕು, ಜೌಗಿನ ಗಿಡ ಅಲ್ವಾ. ಮಳೆ ನೀರು ನಿಲ್ಲುವ ಮೂಲೆಯಲ್ಲಿ ಬೇರೇನೂ ಬರುವುದಿಲ್ಲ ಅನ್ನುವವರಿಗೆ ನಾನು ಇದನ್ನೇ ಕೊಡುವುದು. ಜುಲೈನಲ್ಲಿ ಜಪಾನೀಸ್ ಬೀಟಲ್ ಅನ್ನುವ ಜೀರುಂಡೆ ಮುತ್ತುತ್ತದೆ. ಬೆಳಿಗ್ಗೆ ಅವು ಮಂಕಾಗಿರುವಾಗ ಸೋಪಿನ ನೀರಿನ ಡಬ್ಬಕ್ಕೆ ಕೊಡವಬೇಕು. ಎಲೆ ಜರಡಿಯಾಗಿದ್ದರೆ ಅಡಿಯಲ್ಲಿ ಸಣ್ಣ ಹಸಿರು ಹುಳ ಇದೆಯಾ ನೋಡಬೇಕು. ಅದು ಸಾಫ್ಲೈ ಅನ್ನುವ, ಕಣಜದ ಸಂಬಂಧಿ ಕೀಟದ ಮರಿ. ಚಿಟ್ಟೆ, ಪತಂಗದ ಹುಳ ಅಲ್ಲದ್ದರಿಂದ ಹುಳಕ್ಕೆ ಅಂತ ಮಾರುವ, ಬ್ಯಾಕ್ಟೀರಿಯಾದಿಂದ ಮಾಡಿದ ಬಿಟಿ ಪುಡಿ ಇದಕ್ಕೆ ನಾಟುವುದಿಲ್ಲ.

ಮೇ ತಿಂಗಳ ನರ್ಸರಿಯಲ್ಲಿ ತೊಂದರೆ ಏನು ಗೊತ್ತಾ? ಟ್ರಾಪಿಕಲ್ ಗಿಡ ಹೂವು ಹೊತ್ತು ಬಾಗಿಲಲ್ಲೇ ನಿಂತಿರುತ್ತದೆ. ಹಾರ್ಡಿ ಹಿಂದಿನ ಸಾಲಿನಲ್ಲಿ, ಕಪ್ಪು ಕುಂಡದಲ್ಲಿ ಬರೀ ಮಣ್ಣಾಗಿ ಕಾಣುತ್ತದೆ. ಎರಡರ ಟ್ಯಾಗ್‌ನಲ್ಲೂ ದೊಡ್ಡದಾಗಿ ಬರೆದಿರುವುದು ಹೈಬಿಸ್ಕಸ್ ಅಂತಲೇ. ಅದಕ್ಕೆ ಈಗ ನಾನು ಹೂವು ತೋರಿಸುವುದಿಲ್ಲ, ಎಲೆ ತೋರಿಸುತ್ತೇನೆ. ಎಣ್ಣೆ ಸವರಿದ ಹಾಗೆ ಹೊಳೆಯುವ ಕಡು ಹಸಿರು ಎಲೆಯಾದರೆ ಟ್ರಾಪಿಕಲ್. ಹೊಳಪಿಲ್ಲದ, ಅಗಲವಾದ ಹೃದಯದ ಆಕಾರದ ಎಲೆಯಾದರೆ ಹಾರ್ಡಿ. ಹಳದಿ, ಕಿತ್ತಳೆ ಹೂವು ಕಂಡರೆ ಟ್ರಾಪಿಕಲ್ ಅಂತಲೇ ತಿಳಿಯಿರಿ. ಹಾರ್ಡಿಯಲ್ಲಿ ಬಿಳಿ, ಗುಲಾಬಿ, ಕೆಂಪು, ಅದರ ನಡುವಿನ ಬಣ್ಣಗಳು. ಎಲೆಯೇ ತಾಮ್ರದ ಬಣ್ಣ ಇರುವ 'ಕಾಪರ್ ಕಿಂಗ್' ಅನ್ನುವ ತಳಿಯೂ ಇದೆ. ನೆಬ್ರಾಸ್ಕಾದ ಲಿಂಕನ್ ಊರಿನ ಫ್ಲೆಮಿಂಗ್ ಸಹೋದರರು ಮಾಡಿದ್ದು. ಅಲ್ಲಿಯ ಚಳಿಯ ಮುಂದೆ ನಮ್ಮದು ಏನೂ ಅಲ್ಲ.

ಹೈಬಿಸ್ಕಸ್‌ಗಳಲ್ಲಿ ರೋಸ್ ಆಫ್ ಶರೋನ್ ಮೂರನೆಯದು. ಅದು ಪೊದೆ, ಕಡ್ಡಿಯೂ ಸಾಯುವುದಿಲ್ಲ. ಕೊರಿಯಾದಿಂದ ಬಂದವರು ಹೆಸರು ಕೇಳದೆಯೇ ಗುರುತು ಹಿಡಿಯುತ್ತಾರೆ, ದಕ್ಷಿಣ ಕೊರಿಯಾದ ರಾಷ್ಟ್ರೀಯ ಹೂವು ಅದು. ಬೀಜ ಬಿದ್ದು ಎಲ್ಲೆಂದರಲ್ಲಿ ಹುಟ್ಟುತ್ತದೆ ಅನ್ನುವುದೊಂದೇ ನನ್ನ ತಕರಾರು.

ಇನ್ನು ಆಂಟಿಯ ಕಥೆ. ಆ ಜೂನ್‌ನಲ್ಲಿ ಬಂದಾಗ ಮೊದಲು ಹಾರ್ಡಿಯ ಫೋಟೋ ತೋರಿಸಿದೆ. "ಇದನ್ನ ಇಟ್ಟರೆ ಗಣಪತಿಯೇ ಕಾಣಿಸಲ್ವಲ್ಲಮ್ಮ" ಅಂದರು. ಅವರಿಗೆ ಬೇಕಾದದ್ದು ಮನೆ ದಾಸವಾಳವೇ. ಸರಿ, ಈ ಸಲ ಮೊದಲು ನಾನು ಕೇಳಿದ್ದು, ಜನವರಿಯಲ್ಲಿ ಗಿಡ ಎಲ್ಲಿರುತ್ತದೆ ಅಂತ. ದಕ್ಷಿಣಕ್ಕೆ ದೊಡ್ಡ ಕಿಟಕಿ ಇದೆ ಅಂದರು. ಒಂದೇ ಗಿಡ ಕೊಟ್ಟೆ, ಕುಂಡದಲ್ಲೇ ಇರಲಿ ಅಂದೆ. ಅಂಗಡಿಯಲ್ಲಿ ಗುಂಡಗೆ ಕಾಣುವುದು ಬೆಳವಣಿಗೆ ತಡೆಯುವ ಔಷಧಿಯಿಂದ, ಮುಂದೆ ಕೊಂಬೆ ಉದ್ದ ಹೋದರೆ ಗಾಬರಿ ಬೇಡ ಅಂತಲೂ ಹೇಳಿದೆ. ಹೂವಿಗೆ ಅಂತ ಮಾರುವ ರಂಜಕ ಜಾಸ್ತಿ ಇರುವ ಗೊಬ್ಬರ ಬೇಡ, ದಾಸವಾಳಕ್ಕೆ ಅದು ಆಗಿಬರುವುದಿಲ್ಲ, ಪೊಟ್ಯಾಶ್ ಇರಲಿ ಅಂದೆ.

ಒಳಗೆ ತರುವ ವಿಷಯ ಮಗನಿಗೆ ಬರೆದುಕೊಟ್ಟೆ. ಸೆಪ್ಟೆಂಬರ್ ಕೊನೆಗೆ, ರಾತ್ರಿ 50 ಡಿಗ್ರಿಗೆ ಇಳಿಯುವ ಮೊದಲು. ಎಲೆಯ ಅಡಿಭಾಗ ಪೈಪ್ ಹಿಡಿದು ತೊಳೆದು, ಬಿಳಿನೊಣ, ನುಸಿ ಇಲ್ಲ ಅಂತ ನೋಡಿಯೇ. ಒಳಗೆ ಬಂದ ಮೇಲೆ ಎಲೆ ಹಳದಿಯಾಗಿ ಉದುರುತ್ತದೆ. ಆಗ ನೀರು ಸುರಿಯಬಾರದು, ಬೆಳಕು ಕಡಿಮೆ ಇರುವಾಗ ಬಾಯಾರಿಕೆಯೂ ಕಡಿಮೆ. ಮಾರ್ಚ್‌ನಲ್ಲಿ ಮೂರನೇ ಒಂದು ಭಾಗ ಕತ್ತರಿಸುವುದು. ಮೇ ಮಧ್ಯದ ಮೇಲೆ ಹೊರಗೆ, ಮೊದಲ ವಾರ ನೆರಳಲ್ಲಿ.

ಆಂಟಿ ಅಕ್ಟೋಬರ್‌ನಲ್ಲಿ ಮೈಸೂರಿಗೆ ಹೊರಟರು. ಜನವರಿಯಲ್ಲಿ ಮಗ ಫೋಟೋ ಕಳಿಸಿದ. ಕಿಟಕಿಯ ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಬೋಳು ಗಿಡ. "ಅಮ್ಮ ದಿನಾ ಫೋನ್ ಮಾಡಿ ಎಲೆ ಎಣಿಸು ಅಂತಾರೆ. ಇವತ್ತು ಹನ್ನೊಂದು ಇದೆ. ಪರವಾಗಿಲ್ವಾ?" ಅಂತ ಬರೆದಿದ್ದ. ಕಡ್ಡಿಯನ್ನು ಉಗುರಿನಲ್ಲಿ ಕೆರೆದು ನೋಡು ಅಂತ ಉತ್ತರ ಬರೆದೆ. ಈ ಗಿಡಕ್ಕೆ ಆ ಪರೀಕ್ಷೆ ನಡೆಯುತ್ತದೆ. ಐದು ನಿಮಿಷಕ್ಕೆ ಇನ್ನೊಂದು ಫೋಟೋ ಬಂತು. ಹಸಿರು ಇತ್ತು.