ಮೈಸೂರಿಗೆ ಮೊಬಿಲಿಟಿ ಸ್ಕೂಟರ್ ತಗೊಂಡು ಹೋಗೋರು "ರ‍್ಯಾಂಪ್ ಇದೆ ಸಾರ್" ಅನ್ನೋ ಮಾತು ನಂಬ್ಬೇಡಿ

ಮಂಡಿ ನೋವಿರೋ ಅಪ್ಪ ಅಮ್ಮನ್ನ ಬ್ಯಾಟರಿ ಸ್ಕೂಟರ್ ಮೇಲೆ ಕೂರಿಸ್ಕೊಂಡು ಮೈಸೂರು ತೋರಿಸಬಹುದಾ ಅಂತ ಯೋಚ್ನೆ ಮಾಡ್ತಿರೋರಿಗೆ ಮೊದಲೇ ಹೇಳ್ಬಿಡ್ತೀನಿ, ಖಂಡಿತ ತೋರಿಸಬಹುದು. ಊರಿಂದ ಏನೂ ತೊಂದರೆ ಇಲ್ಲ, ತೊಂದರೆ ಎಲ್ಲಾ ಹೋಟೆಲ್ ಬಾಗಿಲ ಮುಂದಿನ ಹತ್ತಡಿ ಜಾಗದ್ದು. ನಾನು ಹೇಳ್ತಿರೋದು ಆಕ್ಟಿವಾ ತರದ ಸ್ಕೂಟರ್ ಅಲ್ಲ, ಒಂದು ಕುರ್ಚಿ, ಮುಂದೆ ಹ್ಯಾಂಡಲ್ಲು, ಕೆಳಗೆ ನಾಲ್ಕು ಪುಟ್ಟ ಚಕ್ರ, ಜನ ಬಿರುಸಾಗಿ ನಡೆಯೋ ವೇಗದಲ್ಲಿ ಹೋಗುತ್ತಲ್ಲ, ಅದು. ನಮ್ಮಮ್ಮನಿಗೋಸ್ಕರ ಬೆಂಗಳೂರಲ್ಲೇ ಬಾಡಿಗೆಗೆ ತಗೊಂಡು ಕಾರಲ್ಲಿ ಹಾಕ್ಕೊಂಡು ಹೋಗಿದ್ವಿ.

ಹೋಟೆಲ್ ವಿಷಯ ಹೇಳ್ದೆ ಇದ್ರೆ ನನಗೆ ಸಮಾಧಾನ ಆಗಲ್ಲ. ಹೆಸರು ಬೇಡ ಬಿಡಿ. ಬುಕ್ ಮಾಡೋಕೆ ಮುಂಚೆ ಫೋನ್ ಮಾಡಿ ಕೇಳಿದ್ದೆ, "ವೀಲ್‌ಚೇರ್ ಫ್ರೆಂಡ್ಲಿ ಸಾರ್, ರ‍್ಯಾಂಪಿದೆ, ಲಿಫ್ಟಿದೆ, ಬಾತ್‌ರೂಮಲ್ಲಿ ಹಿಡ್ಕೊಳ್ಳೋಕೆ ಬಾರ್ ಇದೆ" ಅಂದ್ರು, ಅದಕ್ಕೇ ಅಂತ ಬೇರೆ ರೂಮಿಗಿಂತ ಆರುನೂರು ಜಾಸ್ತಿ ತಗೊಂಡ್ರು. ಹೋಗಿ ನೋಡಿದ್ರೆ ಆ ರ‍್ಯಾಂಪ್ ಅನ್ನೋದು ಬೈಕ್ ಹತ್ತಿಸೋಕೆ ಮಾಡಿರೋ ಸಿಮೆಂಟ್ ಜಾರುಬಂಡೆ. ಮೂರು ಮೆಟ್ಟಿಲ ಎತ್ತರ, ಅಂದ್ರೆ ಸುಮಾರು ಒಂದೂವರೆ ಅಡಿ, ಅದನ್ನ ನಾಲ್ಕಡಿ ಉದ್ದದಲ್ಲೇ ಮುಗಿಸಿಬಿಟ್ಟಿದ್ದಾರೆ. ನಿಯಮದ ಪ್ರಕಾರ ರ‍್ಯಾಂಪ್ 1:12 ಇರಬೇಕು, ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಆ ಲೆಕ್ಕದಲ್ಲಿ ಇಲ್ಲಿ ಹದಿನೆಂಟಡಿ ಬೇಕಿತ್ತು. ಲಿಫ್ಟು ಇತ್ತು, ಸುಳ್ಳಲ್ಲ, ಆದ್ರೆ ರಿಸೆಪ್ಷನ್ನಿಂದ ಲಿಫ್ಟ್ ಬಾಗಿಲಿಗೆ ಹೋಗೋಕೆ ಮತ್ತೆ ನಾಲ್ಕು ಮೆಟ್ಟಿಲು. ಬಾತ್‌ರೂಮಿನ ಬಾರ್ ಅಂದಿದ್ದು ಟವೆಲ್ ನೇತುಹಾಕೋ ರಾಡು, ಕೈಯಲ್ಲಿ ಹಿಡಿದ್ರೆ ಅಲ್ಲಾಡ್ತಿತ್ತು. ಅದನ್ನ ನಂಬಿ ವಯಸ್ಸಾದೋರು ಭಾರ ಬಿಟ್ರೆ ರಾಡು ಸಮೇತ ಕೆಳಗೆ.

ಅಲ್ಲೇ ಇನ್ನೊಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ಈ ಗಾಡಿಗಳಲ್ಲಿ ಹಿಂದಿನ ಚಕ್ರದ ಹತ್ರ ಒಂದು ಲಿವರ್ ಇರುತ್ತೆ, ಸಾಮಾನ್ಯವಾಗಿ ಕೆಂಪೋ ಹಳದಿಯೋ ಬಣ್ಣ. ಅದನ್ನ ತಿರುಗಿಸಿದ್ರೆ ಮೋಟರ್ ಸಂಪರ್ಕ ಬಿಟ್ಟು ಗಾಡಿ ನ್ಯೂಟ್ರಲ್ ಆಗುತ್ತೆ, ಕೈಯಲ್ಲಿ ತಳ್ಳಬಹುದು. ಕೈ ಬಿಟ್ಟ ತಕ್ಷಣ ತಾನಾಗೇ ಹಿಡಿಯೋ ಬ್ರೇಕೂ ಆ ಮೋಟರಿನಲ್ಲೇ ಇರೋದ್ರಿಂದ ನ್ಯೂಟ್ರಲ್ ಆದ್ರೆ ಬ್ರೇಕೂ ಇಲ್ಲ. ನಾನು ಕೌಂಟರಲ್ಲಿ ಆಧಾರ್ ಕಾರ್ಡ್ ಕೊಡ್ತಾ ಇದ್ದೆ, ಅಮ್ಮ ಗಾಡಿ ಮೇಲೆ ಕೂತು ಬಾಗಿಲ ಹತ್ರ ಕಾಯ್ತಿದ್ರು, ಅಷ್ಟರಲ್ಲಿ ಸೆಕ್ಯೂರಿಟಿ ಹುಡುಗ ಸಹಾಯ ಮಾಡೋಣ ಅಂತ ಆ ಲಿವರ್ ಎಳೆದು ಅಮ್ಮನ್ನ ಕೂರಿಸ್ಕೊಂಡೇ ಆ ಜಾರುಬಂಡೆ ಮೇಲೆ ತಳ್ಳೋಕೆ ಶುರು ಮಾಡಿದಾನೆ. ಅರ್ಧ ಹತ್ತಿತು, ಅವನ ಚಪ್ಪಲಿ ಜಾರಿತು, ಗಾಡಿ ಹಿಂದಕ್ಕೆ ಬಂತು. ನಮ್ಮ ಡ್ರೈವರ್ ಓಡಿ ಬಂದು ಸೀಟ್ ಹಿಡ್ಕೊಂಡ್ರು, ಆದ್ರೂ ನಿಲ್ಲಲಿಲ್ಲ, ಕೊನೆಗೆ ಹಿಂದಿನ ಚಕ್ರ ಪಕ್ಕದ ತುಳಸಿ ಕುಂಡಕ್ಕೆ ತಗುಲಿ ನಿಂತಿತು. ಅಮ್ಮನಿಗೇನೂ ಆಗಲಿಲ್ಲ. "ನನ್ನ ಮೊದ್ಲು ಇಳಿಸ್ರಪ್ಪ, ನಡ್ಕೊಂಡೇ ಬರ್ತೀನಿ" ಅಂದ್ರು ಅಷ್ಟೇ. ಆ ಹುಡುಗನ ಮೇಲೆ ನನಗೇನೂ ಕೋಪ ಇಲ್ಲ, ಅವನು ಮಾಡಿದ್ದು ಒಳ್ಳೇದಕ್ಕೇ, ಕೋಪ ಇರೋದು ಅದನ್ನ ರ‍್ಯಾಂಪ್ ಅಂತ ಮಾರಿದ ಮ್ಯಾನೇಜರ್ ಮೇಲೆ.

ಹಾಗಾಗಿ ಜನ ಕೂತಿರುವಾಗ ಆ ಲಿವರನ್ನ ಯಾರೂ ಮುಟ್ಟಬಾರ್ದು, ಇಳಿಜಾರಲ್ಲಂತೂ ಖಾಲಿ ಗಾಡಿಯನ್ನೂ ನ್ಯೂಟ್ರಲ್ ಮಾಡಬೇಡಿ. ಆಮೇಲೆ ನಾನು ಅದರ ಮೇಲೆ ಪ್ಲಾಸ್ಟರ್ ಅಂಟಿಸಿ "ಮುಟ್ಟಬೇಡಿ" ಅಂತ ಕನ್ನಡದಲ್ಲೇ ಬರೆದಿಟ್ಟೆ. ಹೋಟೆಲ್ ಬುಕ್ ಮಾಡುವಾಗ ರ‍್ಯಾಂಪಿದೆಯಾ ಅಂತ ಕೇಳ್ಬೇಡಿ, ರ‍್ಯಾಂಪಿನ ಫೋಟೋ ಪಕ್ಕದಿಂದ ತೆಗೆದು ವಾಟ್ಸಾಪ್ ಮಾಡಿ ಅನ್ನಿ, ಲಿಫ್ಟ್ ಬಾಗಿಲ ಫೋಟೋನೂ. ಕಳಿಸೋಕೆ ಮೀನಮೇಷ ಎಣಿಸಿದ್ರೆ ಅರ್ಥ ಮಾಡ್ಕೊಂಡು ಬೇರೆ ಕಡೆ ನೋಡಿ.

ಓಡಿಸೋದು ಕಲಿಯೋಕೆ ಹತ್ತು ನಿಮಿಷ ಸಾಕು ಅಂತ ಬಾಡಿಗೆಯವರು ಹೇಳ್ತಾರೆ, ನಮ್ಮಮ್ಮನಿಗೆ ನಿಜವಾಗ್ಲೂ ಅಷ್ಟೇ ಸಾಕಾಯ್ತು, ಯಾಕಂದ್ರೆ ಅವರು ಯಾವತ್ತೂ ಯಾವ ಗಾಡಿಯೂ ಓಡಿಸಿದವರಲ್ಲ. ಜೀವನ ಪೂರ್ತಿ ಚೇತಕ್ಕೋ ಲೂನಾನೋ ಓಡಿಸಿದ ಅಪ್ಪಂದಿರಿಗೇ ಇದು ಜಾಸ್ತಿ ಅಪಾಯ. ಅವರಿಗೆ ಗಾಬರಿ ಆದ್ರೆ ಕೈ ತಾನಾಗೇ ಬ್ರೇಕ್ ಲಿವರ್ ಒತ್ತುತ್ತೆ, ಇಲ್ಲಿ ಹ್ಯಾಂಡಲ್ ಮೇಲಿನ ಹಿಡಿ ಒತ್ತಿದ್ರೆ ಗಾಡಿ ಓಡುತ್ತೆ, ಬಿಟ್ರೆ ನಿಲ್ಲುತ್ತೆ. ಪೂರ್ತಿ ಉಲ್ಟಾ. ಖಾಲಿ ಜಾಗದಲ್ಲಿ "ಬಿಡಿ, ಬಿಡಿ" ಅಂತ ಕೂಗಿ ಕೂಗಿ ಅಭ್ಯಾಸ ಮಾಡಿಸಿ. ಇಳಿಯೋ ಹತ್ತೋ ಮುಂಚೆ ಕೀ ಆಫ್ ಮಾಡಿಸಿ, ಯಾಕಂದ್ರೆ ಏಳುವಾಗ ಎಲ್ಲರೂ ಹ್ಯಾಂಡಲ್ ಹಿಡ್ಕೊಂಡೇ ಏಳೋದು, ಸೆರಗೋ ಬಳೆಯೋ ಹಿಡಿಗೆ ತಗುಲಿದ್ರೂ ಗಾಡಿ ಮುಂದಕ್ಕೆ ಹಾರುತ್ತೆ. ಅದೇ ಹೋಗ್ತಾ ಇರುವಾಗ ಕೀ ಆಫ್ ಮಾಡ್ಬೇಡಿ, ಗಕ್ಕಂತ ನಿಂತು ಕೂತವರು ಮುಗ್ಗರಿಸ್ತಾರೆ. ಸೀರೆ ನೆರಿಗೆ ಮೊಣಕಾಲ ಕೆಳಗೆ ಸಿಕ್ಕಿಸಿ ಕೂರಬೇಕು, ಚಕ್ರ ಕಾಲಿನ ಪಕ್ಕದಲ್ಲೇ ಇರುತ್ತೆ.

ಹಂಪ್, ರ‍್ಯಾಂಪ್ ಯಾವುದನ್ನೇ ಆಗಲಿ ನೇರವಾಗಿ ಹತ್ತಬೇಕು, ಓರೆಯಾಗಿ ಹತ್ತಿದ್ರೆ ಒಂದು ಕಡೆ ಚಕ್ರ ಮೇಲೆದ್ದು ಪಕ್ಕಕ್ಕೆ ಮಗುಚುತ್ತೆ. ಇಳಿಜಾರಲ್ಲಿ ತಿರುಗಿಸೋದೇ ಬೇಡ. ಮೂರು ಚಕ್ರದ್ದು ಸಣ್ಣ ಜಾಗದಲ್ಲಿ ಚೆನ್ನಾಗಿ ತಿರುಗುತ್ತೆ ಅಂತ ತೋರಿಸ್ತಾರೆ, ಮಾಲ್ ಒಳಗೆ ಸರಿ, ನಮ್ಮ ರಸ್ತೆಗೆ ನಾಲ್ಕು ಚಕ್ರದ್ದೇ ತಗೊಳ್ಳಿ. ಮೋರಿ ಮೇಲಿನ ಕಬ್ಬಿಣದ ಜಾಲರಿ ಸಿಕ್ಕಿದ್ರೆ ಕಂಬಿಗೆ ಅಡ್ಡವಾಗಿ ದಾಟಿ, ಕಂಬಿ ಗುಂಟ ಹೋದ್ರೆ ಮುಂದಿನ ಚಕ್ರ ಸಂದಿಗೆ ಇಳಿದುಬಿಡುತ್ತೆ. ಕೂತವರ ತಲೆ ನಿಂತ ಕಾರಿನ ಕಿಟಕಿಯಷ್ಟೇ ಎತ್ತರ ಇರೋದ್ರಿಂದ ರಿವರ್ಸ್ ತಗೊಳ್ಳೋ ಕಾರಿನವರಿಗೆ ಕಾಣಲ್ಲ, ನಾವು ಸೀಟಿನ ಹಿಂದೆ ಒಂದು ಕೋಲು ಕಟ್ಟಿ ಕಿತ್ತಳೆ ಬಟ್ಟೆ ಹಾರಿಸಿದ್ವಿ, ನೋಡೋಕೆ ರಾಜ್ಯೋತ್ಸವ ಮೆರವಣಿಗೆ ಥರ ಇತ್ತು, ಆದ್ರೆ ಕೆಲಸ ಮಾಡ್ತು.

ಅರಮನೆ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜೆ ದಿನ ಸಂಜೆ ಏಳರ ಸುಮಾರಿಗೆ ಶುರುವಾಗುತ್ತೆ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿಕೊಳ್ಳೋದು ನೋಡಬೇಕಾದ್ದೇ, ಅಂಗಳ ವಿಶಾಲವಾಗಿದೆ, ಗಾಡಿಗೆ ತೊಂದರೆ ಇಲ್ಲ. ತೊಂದರೆ ದೀಪ ಆರಿದ ಮೇಲೆ, ಎಲ್ಲರೂ ಒಂದೇ ಸಲ ಗೇಟಿನ ಕಡೆ ನುಗ್ತಾರೆ. ನನಗೆ ಜನಜಂಗುಳಿ ಅಂದ್ರೆ ಮೊದಲಿಂದಲೂ ಆಗಲ್ಲ, ಆದ್ರೆ ಇಲ್ಲಿ ಅದು ಬರೀ ನನ್ನ ಕಿರಿಕಿರಿ ಅಲ್ಲ, ಮಕ್ಕಳು ಗಾಡಿ ಮುಂದೆ ನುಸುಳ್ತಾರೆ, ಯಾರದೋ ಕಾಲ್ಬೆರಳ ಮೇಲೆ ಚಕ್ರ ಹತ್ತುತ್ತೆ. ಒಂದೋ ದೀಪ ಆರೋಕೆ ಮುಂಚೆ ಹೊರಟುಬಿಡಿ, ಇಲ್ಲಾ ಗೋಡೆ ಪಕ್ಕ ನಿಂತು ಅಂಗಳ ಖಾಲಿ ಆಗೋವರೆಗೂ ಕಾಯಿರಿ. ಹ್ಯಾಂಡಲ್ ಮೇಲಿನ ವೇಗದ ತಿರುಪು ಆಮೆ ಗುರುತಿಗೇ, ಅಂದ್ರೆ ತೀರಾ ನಿಧಾನಕ್ಕೇ ಇರಲಿ.

ಊಟದ ವಿಷಯಕ್ಕೆ ಬರೋಣ. ದೊಡ್ಡ ಹೆಸರಿನ ಹೋಟೆಲ್‌ಗಳಿಗೆಲ್ಲಾ ಮೂರ‍್ನಾಲ್ಕು ಮೆಟ್ಟಿಲು, ಮೇಲಿಂದ ಕ್ಯೂ. ಅಗ್ರಹಾರದ ಕಡೆ ಒಂದು ಅಡ್ಡರಸ್ತೆಯಲ್ಲಿ ಬೋರ್ಡೂ ನೆಟ್ಟಗೆ ಕಾಣದ ಒಂದು ಪುಟ್ಟ ಹೋಟ್ಲು ಸಿಕ್ತು, ರಸ್ತೆ ಮಟ್ಟಕ್ಕೇ ನೆಲ, ಹೊಸಿಲೇ ಇಲ್ಲ. ಅಮ್ಮ ಹೊರಗೇ ನಿಂತ್ರು, ಒಳಗಿದ್ದ ಅಜ್ಜಿ ನೋಡಿ, "ಯಾಕಮ್ಮ ಅಲ್ಲೇ ನಿಂತ್ರಿ, ಗಾಡಿ ಸಮೇತ ಬನ್ನಿ" ಅಂತ ಬೆಂಚು ಎಳೆದು ಪಕ್ಕಕ್ಕಿಟ್ರು. ಅಮ್ಮ ಗಾಡಿಯಿಂದ ಇಳಿಯದೇ, ಕೀ ಆಫ್ ಮಾಡಿ, ಸೀಟು ಟೇಬಲ್ ಕಡೆ ತಿರುಗಿಸ್ಕೊಂಡು ತಿಂದ್ರು. ಮೆತ್ತಗಿನ ದೋಸೆ, ಮೇಲೆ ನಿಂಬೆಹಣ್ಣಿನ ಗಾತ್ರ ಬೆಣ್ಣೆ, ಪಕ್ಕದಲ್ಲಿ ತರಕಾರಿ ಸಾಗು, ಕಾಯಿ ಚಟ್ನಿ. ಸಾಗುಗೆ ಸೋಂಪು ಹಾಕಿರಲಿಲ್ಲ, ನಮ್ಮಮ್ಮನಿಗೆ ಸೋಂಪು ವಾಸನೆ ಆಗಲ್ಲ, ಅದೊಂದಕ್ಕೇ ಅವರು ಆ ಹೋಟ್ಲಿಗೆ ಫುಲ್ ಮಾರ್ಕ್ಸ್ ಕೊಟ್ಟುಬಿಟ್ರು. ಕಾಫಿ ಗ್ಲಾಸಲ್ಲಿ ಕೊಡ್ತಾರೆ, ಸಕ್ಕರೆ ಕಮ್ಮಿ ಅಂದ್ರೆ ನಿಜವಾಗ್ಲೂ ಕಮ್ಮಿ ಹಾಕ್ತಾರೆ. ಇಬ್ಬರದೂ ಸೇರಿ ಇನ್ನೂರು ದಾಟಲಿಲ್ಲ. ಆಮೇಲೆ ತಿಂಡಿಗೆ ಬೇರೆಲ್ಲೂ ಹೋಗಲೇ ಇಲ್ಲ. ಅಲ್ಲಿ ಕೈ ತೊಳೆಯೋ ಜಾಗದ ನೆಲ ಮಾತ್ರ ಒದ್ದೆ, ಹುಷಾರು.

ಝೂ ಚೆನ್ನಾಗಿದೆ, ದಾರಿ ಅಗಲ, ನೆರಳಿದೆ, ಮಂಗಳವಾರ ರಜೆ. ಪೂರ್ತಿ ಸುತ್ತಿದ್ರೆ ಮೂರು ಕಿಲೋಮೀಟರ್ ಆಗುತ್ತೆ, ಬ್ಯಾಟರಿ ತುಂಬಿಸ್ಕೊಂಡೇ ಹೋಗಿ. ಬಾಡಿಗೆಯವರು ಹೇಳೋ ರೇಂಜ್ ಸಮತಟ್ಟು ನೆಲಕ್ಕೆ, ಹಗುರ ಇರೋರಿಗೆ, ಹೊಸ ಬ್ಯಾಟರಿಗೆ, ಅದರಲ್ಲಿ ಅರ್ಧ ಅಂದ್ಕೊಳ್ಳಿ. ದೇವರಾಜ ಮಾರ್ಕೆಟ್ಟಿಗೆ ಗಾಡಿ ಬೇಡ, ಓಣಿ ಇಕ್ಕಟ್ಟು, ಹೂವಿನ ಅಂಗಡಿ ಮುಂದೆ ನೆಲ ಒದ್ದೆ. ಚಾಮುಂಡಿ ಬೆಟ್ಟಕ್ಕೆ ಕಾರಲ್ಲೇ ಹೋಗಿ ಬಂದ್ವಿ, ಗಾಡಿ ಇಳಿಸಲಿಲ್ಲ. ಬೃಂದಾವನದಲ್ಲಿ ಹಂತ ಹಂತವಾಗಿ ಮೆಟ್ಟಿಲೇ ಮೆಟ್ಟಿಲು, ಬಿಟ್ಟುಬಿಟ್ವಿ.

ಕಾರು ಬುಕ್ ಮಾಡೋರು ಸಿಎನ್‌ಜಿ ಗಾಡಿಯಾ ಅಂತ ಮೊದಲೇ ಕೇಳಿ. ಸುಮಾರು ಗಾಡಿಗಳಲ್ಲಿ ಡಿಕ್ಕಿ ಪೂರ್ತಿ ಸಿಲಿಂಡರೇ ಇರುತ್ತೆ, ಸ್ಕೂಟರ್ ಬಿಡಿ, ಒಂದು ಬ್ಯಾಗಿಡೋಕೂ ಜಾಗ ಇರಲ್ಲ. ಬಿಚ್ಚಿ ಇಡೋ ಮಾಡೆಲ್ ಆದ್ರೂ ಮೋಟರ್ ಇರೋ ಹಿಂಭಾಗವೇ ತುಂಬಾ ಭಾರ ಇರುತ್ತೆ, ಎತ್ತೋಕೆ ಜೊತೆಗೊಬ್ಬರು ಬೇಕು. ಬ್ಯಾಟರಿ ಬಿಚ್ಚಿಟ್ಟು ಹಗ್ಗ ಬಿಗಿದು ಕಟ್ಟಿ. ಟೆಂಪೋ ಟ್ರಾವೆಲರ್ ಒಳಗೆ ಸ್ಕೂಟರ್ ಮೇಲೇ ಕೂರಿಸ್ಕೊಂಡು ಬರೋದನ್ನೂ ನೋಡಿದೀನಿ, ಖಂಡಿತ ಬೇಡ, ಒಂದು ಬ್ರೇಕಿಗೆ ಗಾಡಿ ಮನುಷ್ಯ ಎರಡೂ ಮುಂದಕ್ಕೆ ಬರುತ್ತೆ.

ದೆಹಲಿ, ಮುಂಬೈಯಿಂದ ವಿಮಾನದಲ್ಲಿ ತರೋರು ಬ್ಯಾಟರಿ ಮೇಲಿನ ಅಕ್ಷರ ಓದ್ಕೊಳ್ಳಿ. ಬಿಚ್ಚಿ ತೆಗೆಯೋ ಲಿಥಿಯಂ ಬ್ಯಾಟರಿ ಆದ್ರೆ 300 ವಾಟ್-ಅವರ್ ಮೀರಬಾರ್ದು, ಅದನ್ನ ಲಗೇಜಿಗೆ ಹಾಕದೆ ಜೊತೆಗೆ ಕ್ಯಾಬಿನ್ನಿಗೇ ಒಯ್ಯಬೇಕು. ವೋಲ್ಟ್ ಮತ್ತು ಆಂಪ್-ಅವರ್ ಗುಣಿಸಿ, 24 ವೋಲ್ಟ್ 12 ಆಂಪ್-ಅವರ್ ಆದ್ರೆ 288, ಸರಿಹೋಯ್ತು, ಅದೇ 20 ಆಂಪ್-ಅವರ್ ಆದ್ರೆ 480, ಬಿಡಲ್ಲ. ಏರ್‌ಲೈನಿನ ಒಪ್ಪಿಗೆ ಟಿಕೆಟ್ ಮಾಡುವಾಗಲೇ ತಗೊಳ್ಳಿ.

ಚಾರ್ಜಿಂಗ್ ರಾತ್ರಿನೇ ಮಾಡ್ಕೊಳ್ಳಿ. ಹೋಟೆಲ್ ರೂಮಲ್ಲಿ ಕೀ ಕಾರ್ಡ್ ತೆಗೆದ ತಕ್ಷಣ ಪ್ಲಗ್ಗಿನ ಕರೆಂಟೂ ಹೋಗುತ್ತೆ, ಮಧ್ಯಾಹ್ನ ಚಾರ್ಜಿಗೆ ಹಾಕಿ ಹೊರಗೆ ಹೋದ್ರೆ ವಾಪಸ್ ಬಂದಾಗ ಅಷ್ಟೇ ಇರುತ್ತೆ. ಫ್ರಿಜ್ಜಿನ ಪ್ಲಗ್ಗಿಗೆ ಕೆಲವು ಕಡೆ ಕರೆಂಟ್ ಇರುತ್ತೆ, ನೋಡ್ಕೊಳ್ಳಿ.